‘ಅವರ ಮನೆ ವಿಷಯ’ ಅಂತ ಸುಮ್ಮನಿರಬೇಡಿ

"ಮೆಟ್ಟಿಲಲ್ಲಿ ಜಾರಿ ಬಿದ್ದೆ" ಎಂದು ನೆರೆಮನೆಯ ಹೆಣ್ಣುಮಗಳು ಮುಖದ ಗಾಯ ಮುಚ್ಚಿಕೊಳ್ಳುತ್ತಾಳೆ. ಯಾರೂ ನಂಬುವುದಿಲ್ಲ. ಆದರೂ "ಅವರ ಮನೆ ವಿಷಯ, ನಮಗ್ಯಾಕೆ?" ಅಂತ ಸುಮ್ಮನಾಗುತ್ತೇವೆ. ಹಳ್ಳಿಯಲ್ಲಿ ಠಾಣೆ ದೂರ. ಮೊದಲು ಗೊತ್ತಾಗುವುದು ನೆರೆಯವರಿಗೆ, ಆಶಾ ಕಾರ್ಯಕರ್ತೆಗೆ, ಅಂಗನವಾಡಿ ಟೀಚರಿಗೆ.

ಹೇಳಿದರೆ ನಮ್ಮ ಮೇಲೆಯೇ ಕೇಸಾದರೆ ಎಂಬ ಹೆದರಿಕೆ ಬೇಡ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಪ್ರಕಾರ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ಮಾಹಿತಿ ಕೊಡಬಹುದು. ಸದುದ್ದೇಶದಿಂದ ಕೊಟ್ಟವರ ಮೇಲೆ ಕಾನೂನು ಕ್ರಮವಿಲ್ಲ. ನಮ್ಮ ರಾಜ್ಯದಲ್ಲಿ ಸಿಡಿಪಿಒ ಅವರಿಗೇ ಈ ಹೊಣೆಯಿದೆ. ಹೊಡೆತ ಮಾತ್ರವಲ್ಲ, ಖರ್ಚಿಗೆ ಕೊಡದಿರುವುದು, ಅವಳ ಚಿನ್ನ ಕಿತ್ತುಕೊಳ್ಳುವುದೂ ಹಿಂಸೆಯೇ. ಗಂಡ ಗಲ್ಫಿನಲ್ಲಿದ್ದು ಮನೆಯವರು ಪೀಡಿಸಿದರೂ ದೂರು ಕೊಡಬಹುದು. ಅವಳನ್ನು ಬೇಕಾಬಿಟ್ಟಿ ಮನೆಯಿಂದ ಹೊರಹಾಕುವಂತಿಲ್ಲ. ವಕೀಲರ ನೆರವು ಉಚಿತ.

ಇನ್ನು ಜಮಾಅತ್. ಪಂಚಾತಿಕೆಗೆ ಕೂತವರು "ಸ್ವಲ್ಪ ಸಹಿಸಿಕೋ ಮಗಳೇ" ಎಂದು ವಾಪಸು ಕಳಿಸಿದರೆ ಅದು ರಾಜಿಯಲ್ಲ. ಮುಂದಿನ ಪೆಟ್ಟಿಗೆ ದಾರಿ. ಗಂಡನ ಕಡೆಯವರ ಎದುರು ಅವಳು ಬಾಯಿ ಬಿಡುವುದಿಲ್ಲ. ನಂಬಿಕೆಯ ಒಬ್ಬ ಮಹಿಳೆ ಪ್ರತ್ಯೇಕವಾಗಿ ಕೂತು ಕೇಳಲಿ. ಜೀವಕ್ಕೆ ಅಪಾಯವಿದ್ದರೆ ಮಾತುಕತೆ ಆಮೇಲೆ, ಮೊದಲು 112.

ಕಮಿಟಿಯವರು, ಖತೀಬರು, ಆಶಾ, ಅಂಗನವಾಡಿಯವರು ಒಮ್ಮೆ ಒಟ್ಟಿಗೆ ಕೂರಲಿ. ರಾತ್ರಿ ಹೊತ್ತು ಯಾರ ವಾಹನ ಸಿಗುತ್ತದೆ, ಯಾರ ಮನೆಯಲ್ಲಿ ಅವಳೂ ಮಕ್ಕಳೂ ಉಳಿಯಬಹುದು ಎಂದು ಮೊದಲೇ ತೀರ್ಮಾನಿಸಲಿ. ಮಹಿಳಾ ಸಹಾಯವಾಣಿ 181 ಮತ್ತು ಸಿಡಿಪಿಒ ಕಚೇರಿಯ ನಂಬರು ಮದ್ರಸದ ಬೋರ್ಡಿನಲ್ಲಿರಲಿ. ಮಕ್ಕಳನ್ನು ಕರೆಯಲು ಬರುವ ಉಮ್ಮಂದಿರ ಕಣ್ಣಿಗೆ ಅದು ಬೀಳುತ್ತದೆ.