ಹೆಸರಿಗೆ ಮಣೆ, ಹುಡುಗರಿಗೆ ಬೆಂಚು

ಕಳೆದ ವರ್ಷ ನಮ್ಮ ಕುಕನೂರಿನ ಹತ್ತಿರದ ಹಳ್ಳಿಯೊಂದರ ಜಾತ್ರೆಯಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ಇಟ್ಟಿದ್ದರು. ನಮ್ಮ ಓಣಿಯ ತಂಡವೂ ಹೆಸರು ಕೊಟ್ಟಿತ್ತು. ನಾನು ಆಟದಲ್ಲಿ ಅಷ್ಟಕ್ಕಷ್ಟೇ. ಆದರೆ ‘ಬಿಇ ಓದಾಕತ್ತಾನ, ಲೆಕ್ಕ ಇವನ ಬರೀಲಿ’ ಎಂದು ಗೆಳೆಯರು ಚಂದಾ ಪುಸ್ತಕ ನನ್ನ ಕೈಗೆ ಕೊಟ್ಟಿದ್ದರು. ಹೀಗಾಗಿ ಯಾರು ಆಡಬೇಕು ಎನ್ನುವ ಮಾತಿನಲ್ಲೂ ನನ್ನದೊಂದು ಪಾಲಿತ್ತು.

ಆಗ ಒಬ್ಬ ಗೆಳೆಯ, ‘ಹೊರಗಿನಿಂದ ಇಬ್ಬರನ್ನ ಕರಸೋಣು. ಭಾರಿ ಹೆಸರು ಐತಿ ಅವರದು’ ಎಂದ. ತಲಾ ಮೂರು ಸಾವಿರ ರೂಪಾಯಿ. ನಾನೇ ಎಣಿಸಿ ಕೊಟ್ಟೆ. ಅವರಿಗೆ ಜಾಗ ಮಾಡಲು ಪಟ್ಟಿಯಿಂದ ಎರಡು ಹೆಸರು ಹೊಡೆದುಹಾಕಿದೆವು. ಅದರಲ್ಲೊಬ್ಬ ಪಿಯುಸಿ ಓದುವ ಹುಡುಗ. ವರ್ಷಪೂರ್ತಿ ಒಂದು ದಿನವೂ ತಪ್ಪಿಸದೆ ಅಭ್ಯಾಸಕ್ಕೆ ಬಂದು ಎಡ ಮೂಲೆಯಲ್ಲಿ ನಿಂತು ಮೊಣಕಾಲು ಕೆತ್ತಿಸಿಕೊಂಡವನು.

ಬಂದ ಇಬ್ಬರಲ್ಲಿ ಒಬ್ಬನ ಮಂಡಿಗೆ ಪಟ್ಟಿ ಸುತ್ತಿತ್ತು. ಆ ವಾರದಲ್ಲಿ ಅದು ಅವನ ಮೂರನೇ ಊರು. ನಮ್ಮ ಹುಡುಗರ ಹೆಸರೂ ಅವನಿಗೆ ಗೊತ್ತಿರಲಿಲ್ಲ. ಮೊದಲ ಪಂದ್ಯದಲ್ಲೇ ಸೋತು ಮನೆಗೆ ಬಂದೆವು. ಮರುದಿನ ಆ ಹುಡುಗ ಒಗೆದು ಮಡಚಿದ ಜೆರ್ಸಿಯನ್ನು ನಮ್ಮ ಮನೆಯ ಕಟ್ಟೆಯ ಮೇಲಿಟ್ಟು ಹೋದ. ಒಂದು ಮಾತೂ ಆಡಲಿಲ್ಲ. ಅಂದಿನಿಂದ ಅಭ್ಯಾಸಕ್ಕೂ ಬರಲಿಲ್ಲ.

ಆ ಹೊತ್ತಿಗೆ ನಮ್ಮೆಲ್ಲರ ಮೆಚ್ಚಿನ ಬೆಂಗಳೂರು ಬುಲ್ಸ್ ತಂಡವೂ ನೆಲಕಚ್ಚಿತ್ತು. 2024ರ ಪ್ರೊ ಕಬಡ್ಡಿ 11ನೇ ಆವೃತ್ತಿಯಲ್ಲಿ 22 ಪಂದ್ಯಗಳಲ್ಲಿ ಗೆದ್ದಿದ್ದು ಎರಡೇ. ಹನ್ನೆರಡು ತಂಡಗಳಲ್ಲಿ ಹನ್ನೆರಡನೇ ಸ್ಥಾನ. ಸೋತಾಗಲೆಲ್ಲ ಆಟಗಾರರನ್ನು ಬೈಯುತ್ತಿದ್ದೆ. ನಮ್ಮ ತಂಡ ಸೋತ ಮೇಲೆ ಮಾತ್ರ ಬುಲ್ಸ್‌ನ ಹಳೆಯ ಲೆಕ್ಕವನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ.

ಮೊದಲು ಪ್ರದೀಪ್ ನರ್ವಾಲ್ ಕತೆ. 2015ರ ಎರಡನೇ ಆವೃತ್ತಿಯಲ್ಲಿ ಅವರು ಬುಲ್ಸ್ ತಂಡದ ಹೊಸ ಹುಡುಗ. ಆಡಲು ಸಿಕ್ಕಿದ್ದು ಕೆಲವೇ ಪಂದ್ಯ. ಮರು ಆವೃತ್ತಿಗೆ ಪಟ್ನಾ ಪೈರೇಟ್ಸ್ ಸೇರಿದರು. ಪಟ್ನಾ ಸತತ ಮೂರು ಬಾರಿ ಚಾಂಪಿಯನ್ ಆಯಿತು. ಐದನೇ ಆವೃತ್ತಿಯೊಂದರಲ್ಲೇ ಪ್ರದೀಪ್ 369 ರೇಡ್ ಪಾಯಿಂಟ್ ಗಳಿಸಿದರು. ಅದೇ ಪ್ರದೀಪ್ ಅವರನ್ನು ಬುಲ್ಸ್ ಮತ್ತೆ ಕೊಂಡಿದ್ದು 2024ರಲ್ಲಿ, 70 ಲಕ್ಷ ರೂಪಾಯಿಗೆ. ಆಗ ಅವರ ಆಟದ ಹರೆಯ ಇಳಿದಿತ್ತು. ಮರುವರ್ಷದ ಹರಾಜಿನಲ್ಲಿ ಅವರನ್ನು ಯಾರೂ ಕೊಳ್ಳಲಿಲ್ಲ. 1,800ಕ್ಕೂ ಹೆಚ್ಚು ರೇಡ್ ಪಾಯಿಂಟ್ ಗಳಿಸಿದ ದೊಡ್ಡ ಆಟಗಾರ ಲೀಗ್‌ಗೆ ವಿದಾಯ ಹೇಳಿದರು. ಚಿಗುರಿದ್ದಾಗ ಬಿಟ್ಟು, ಹಣ್ಣಾದ ಮೇಲೆ ಕೊಂಡಂತಾಯಿತು. ಇದರಲ್ಲಿ ಪ್ರದೀಪ್ ತಪ್ಪೇನಿದೆ?

ಬುಲ್ಸ್‌ಗೆ ಆರಿಸುವುದೇ ಗೊತ್ತಿಲ್ಲ ಎಂದರೆ ಅದೂ ಸುಳ್ಳು. ಗುಜರಾತ್ ತಂಡದಲ್ಲಿ ಹೆಚ್ಚು ಅವಕಾಶ ಸಿಗದಿದ್ದ ಪವನ್ ಸೆಹ್ರಾವತ್ ಅವರನ್ನು 2018ರಲ್ಲಿ 52.80 ಲಕ್ಷಕ್ಕೆ ಕರೆತಂದು, ರೇಡಿಂಗ್ ಹೊಣೆಯನ್ನು ಧೈರ್ಯವಾಗಿ ಅವರ ಹೆಗಲಿಗೆ ಹಾಕಿದ್ದು ಇದೇ ತಂಡ. 2019ರ ಜನವರಿ 5ರ ಫೈನಲ್‌ನಲ್ಲಿ ಪವನ್ ಒಬ್ಬರೇ 22 ಪಾಯಿಂಟ್ ತಂದರು. ಗುಜರಾತ್ ವಿರುದ್ಧವೇ 38–33ರಿಂದ ಗೆದ್ದ ಬುಲ್ಸ್ ಮೊದಲ ಬಾರಿಗೆ ಕಪ್ ಎತ್ತಿತು. ಪಕ್ಕದ ಮನೆಯ ಟಿವಿ ಮುಂದೆ ಕುಣಿದ ನೆನಪು ಇನ್ನೂ ಹಸಿಯಾಗಿದೆ.

2022ರಲ್ಲಿ ಪವನ್ ಅವರನ್ನು ತಂಡ ಉಳಿಸಿಕೊಳ್ಳಲಿಲ್ಲ. ತಮಿಳ್ ತಲೈವಾಸ್ 2.26 ಕೋಟಿಗೆ ಕೊಂಡಿತು. ಆದರೆ ಮೊದಲ ಪಂದ್ಯದಲ್ಲೇ ಗಾಯಗೊಂಡು ಆ ಆವೃತ್ತಿಯಿಂದಲೇ ಅವರು ಹೊರಬಿದ್ದರು. ಇತ್ತ ಬುಲ್ಸ್‌ನ ಯುವ ರೇಡರ್ ಭರತ್ ಮಿಂಚಿದರು, ತಂಡ ಸೆಮಿಫೈನಲ್ ತಲುಪಿತು. ಅಂದರೆ ದೊಡ್ಡ ಆಟಗಾರ ಹೋದದ್ದರಿಂದಲೇ ತಂಡ ಕೆಟ್ಟಿತು ಎನ್ನಲಾಗದು. ತಮ್ಮಲ್ಲೇ ಬೆಳೆದ ಹುಡುಗ ಆ ಜಾಗ ತುಂಬಿದ್ದ. ಆದರೆ ಒಂದು ಆವೃತ್ತಿ ಸರಿಹೋಗದಿದ್ದುದಕ್ಕೆ 2024ರಲ್ಲಿ ಆ ಭರತ್ ಅವರನ್ನೂ ಬಿಟ್ಟರು. ಯುಪಿ ಯೋಧಾಸ್ ಅವರನ್ನು 1.30 ಕೋಟಿ ಕೊಟ್ಟು ಕರೆದುಕೊಂಡಿತು, ಸೆಮಿಫೈನಲ್ ಆಡಿತು. ಬುಲ್ಸ್ ಕೊನೆಗೆ ಬಿತ್ತು.

ಇದು ಕಬಡ್ಡಿಯ ಕತೆ ಮಾತ್ರವಲ್ಲ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಹರಾಜಿನ ಬದಲು ಡ್ರಾಫ್ಟ್ ಎಂಬ ಪದ್ಧತಿ ಇದೆ. ತಂಡಗಳು ಸರದಿಯಲ್ಲಿ ಹೊಸ ಆಟಗಾರರನ್ನು ಆರಿಸುತ್ತವೆ. ಹಿಂದಿನ ವರ್ಷ ಸೋತು ಸುಣ್ಣವಾದ ತಂಡಗಳಿಗೆ ಮೊದಲು ಆರಿಸುವ ಅವಕಾಶ ಹೆಚ್ಚು. ಹಾಗಿದ್ದೂ ಎಡವಟ್ಟು ತಪ್ಪುವುದಿಲ್ಲ. 1984ರಲ್ಲಿ ಎರಡನೇ ಸರದಿ ಪಡೆದ ಪೋರ್ಟ್‌ಲೆಂಡ್ ತಂಡ ಸ್ಯಾಮ್ ಬೋವಿ ಎಂಬ ಎತ್ತರದ ಆಟಗಾರನನ್ನು ಆರಿಸಿತು. ಗಾಯಗಳು ಅವರನ್ನು ಬೆನ್ನುಬಿಡಲಿಲ್ಲ. ಮೂರನೇ ಸರದಿಯ ಶಿಕಾಗೊಗೆ ಸಿಕ್ಕವರು ಮೈಕೆಲ್ ಜೋರ್ಡಾನ್! ಆದರೆ ಜೋರ್ಡಾನ್ ಮೊದಲ ಕಪ್ ಗೆದ್ದಿದ್ದು 1991ರಲ್ಲಿ. ಶಿಕಾಗೊ ಏಳು ವರ್ಷ ಅವರನ್ನು ಕೈಬಿಡದೆ, ಸುತ್ತ ತಂಡ ಕಟ್ಟುತ್ತ ಕಾದಿತ್ತು. ಆರಿಸುವುದು ಒಂದು ದಿನದ ಕೆಲಸ, ಬೆಳೆಸುವುದು ವರ್ಷಗಳ ಕೆಲಸ.

ಬುಲ್ಸ್ ಕೂಡ ದಾರಿ ಬದಲಿಸಿತು. 2025ಕ್ಕೆ ಕರ್ನಾಟಕದವರೇ ಆದ, ಅರ್ಜುನ ಪ್ರಶಸ್ತಿ ಪಡೆದ ಬಿ.ಸಿ. ರಮೇಶ್ ಅವರಿಗೆ ಕೋಚ್ ಹೊಣೆ ಕೊಟ್ಟಿತು. ಬೆಂಗಾಲ್ ವಾರಿಯರ್ಸ್ ಮತ್ತು ಪುಣೇರಿ ಪಲ್ಟನ್ ತಂಡಗಳು ಕಪ್ ಗೆದ್ದಾಗ ಕೋಚ್ ಆಗಿದ್ದವರು ಅವರು. ಇರಾನಿನ ಅಲಿರೆಜಾ ಮಿರ್ಜೈಯನ್ ಅವರಂಥವರನ್ನು 50 ಲಕ್ಷದ ಒಳಗೇ ತಂದು ಆಡಿಸಿದರು. ಕಪ್ ಬರಲಿಲ್ಲ, ನಿಜ. ಆದರೆ ಹಿಂದಿನ ವರ್ಷ ತಳದಲ್ಲಿದ್ದ ತಂಡ ಪ್ಲೇ-ಆಫ್ ಆಡಿತು.

ಇಷ್ಟೆಲ್ಲ ಲೆಕ್ಕ ಹಾಕುವ ಹೊತ್ತಿಗೆ ನಾನೇ ಇನ್ನೊಂದು ಪಟ್ಟಿಯ ಮುಂದೆ ನಿಂತಿದ್ದೆ. ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕಿದರೆ ‘ಅನುಭವ ಇದೆಯಾ?’ ಎಂಬ ಪ್ರಶ್ನೆ. ಅನುಭವಕ್ಕಾಗಿಯೇ ಅಲ್ಲವೇ ಇಂಟರ್ನ್‌ಶಿಪ್? ಮೂರು ಕಡೆ ಹೆಸರು ಬರಲಿಲ್ಲ. ಹಾಸ್ಟೆಲ್ ಕೋಣೆಯಲ್ಲಿ ಮೊಬೈಲ್ ಹಿಡಿದು ಕೂತಾಗ ಕಟ್ಟೆಯ ಮೇಲಿನ ಆ ಮಡಚಿದ ಜೆರ್ಸಿ ನೆನಪಾಯಿತು. ಪಟ್ಟಿಯಿಂದ ಹೆಸರು ಹೊಡೆಯುವವರಿಗೆ ಅದೊಂದು ಗೆರೆ. ಹೊಡೆಸಿಕೊಂಡವನಿಗೆ ಒಂದು ವರ್ಷದ ಬೆವರು.

ನನ್ನಂತೆ ಕೆಲಸಕ್ಕಾಗಿ ಕಾಯುತ್ತಿರುವ ಗೆಳೆಯರೇ, ಒಂದು ಪಟ್ಟಿಯಲ್ಲಿ ಹೆಸರಿಲ್ಲವೆಂದರೆ ನಾವು ಆಟಕ್ಕೇ ಬಾರದವರು ಎಂದಲ್ಲ. ಬೆಂಗಳೂರು ಬಿಟ್ಟ ಪ್ರದೀಪ್‌ಗೆ ಪಟ್ನಾ ಸಿಕ್ಕಿತು, ಗುಜರಾತ್‌ನಲ್ಲಿ ಕಾದು ಕೂತ ಪವನ್‌ಗೆ ಬೆಂಗಳೂರು ಸಿಕ್ಕಿತು. ಆದರೆ ಅಲ್ಲಿಯವರೆಗೆ ಅಭ್ಯಾಸ ಬಿಡಬಾರದು. ಹಾಗೆಯೇ ನಾಳೆ ಪಟ್ಟಿ ಬರೆಯುವ ಪೆನ್ನು ನಮ್ಮ ಕೈಗೆ ಬಂದಾಗ, ದೂರದ ಹೆಸರಿಗೆ ಮರುಳಾಗುವ ಮೊದಲು ಹತ್ತಿರದ ಬೆವರನ್ನೂ ಒಮ್ಮೆ ನೋಡಬೇಕು.

ಹೋದ ರಜೆಯಲ್ಲಿ ಊರಿಗೆ ಬಂದಾಗ ಆ ಹುಡುಗನ ಮನೆಗೆ ಹೋದೆ. ‘ತಪ್ಪಾತು ತಮ್ಮ’ ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಣ್ಣ, ಬರ್ತೀನಿ. ಆದ್ರ ಈ ಸಲ ಆಡಸ್ತೀರೇನು?’ ಎಂದು ಕೇಳಿದ. ಈ ವರ್ಷದ ಪಟ್ಟಿ ಇನ್ನೂ ಪೂರ್ತಿಯಾಗಿಲ್ಲ. ಎಡ ಮೂಲೆಯ ಮುಂದೆ ಮಾತ್ರ ಹೆಸರು ಬರೆದಾಗಿದೆ.