ಪಟ್ಟಿಯ ಕೊನೆಯ ಪದಕ್ಕೆ ಮುನ್ನ ಅಲ್ಪವಿರಾಮ: ಉರಿಗಾಮಿನ ಕೆಲವು ನಿದರ್ಶನಗಳು

ಹಲವು ಹೆಸರುಗಳನ್ನು ಸಾಲಾಗಿ ಬರೆಯುವಾಗ ಕೊನೆಯ 'ಮತ್ತು' ಎಂಬುದಕ್ಕೆ ಮುನ್ನ ಅಲ್ಪವಿರಾಮವನ್ನು ಇಡಬೇಕೆ, ಬಿಡಬೇಕೆ ಎಂಬುದು ಕೇವಲ ಅಚ್ಚುಕೂಟದ ಪ್ರಶ್ನೆಯೆಂದು ತೋರಬಹುದು. ಕೋಲಾರದ ಚಿನ್ನದ ಗಣಿಗಳ ನಡುವಣ ಉರಿಗಾಮಿನಿಂದ ಒಂದೆರಡು ನಿದರ್ಶನಗಳನ್ನು ತೆಗೆದುಕೊಂಡರೆ, ಅದು ಅರ್ಥದ ಪ್ರಶ್ನೆಯೂ ಹೌದೆಂಬುದು ವಿಶದವಾಗುತ್ತದೆ.

ಇಲ್ಲಿಯ ಗಣಿಗಳ ಆಡಳಿತವನ್ನು 1880ರ ದಶಕದಿಂದ ಬಹುಕಾಲ ನಡೆಸಿದ ಸಂಸ್ಥೆಯ ಹೆಸರು 'ಜಾನ್ ಟೇಲರ್ ಮತ್ತು ಪುತ್ರರು'. "ಸರಕಾರ, ಗಣಿ ಕಂಪನಿಗಳು, ಜಾನ್ ಟೇಲರ್ ಮತ್ತು ಪುತ್ರರು" ಎಂದು ಬರೆದರೆ, ವಿಷಯವನ್ನರಿಯದ ಓದುಗನು ನಾಲ್ಕು ಪಕ್ಷಗಳನ್ನು ಎಣಿಸುತ್ತಾನೆ; ಇರುವುದು ಮೂರೇ. "ಗಣಿ ಕಂಪನಿಗಳು, ಮತ್ತು ಜಾನ್ ಟೇಲರ್ ಮತ್ತು ಪುತ್ರರು" ಎಂದಾಗ ಈ ತೊಡಕು ನಿವಾರಣೆಯಾಗುತ್ತದೆ.

ಇನ್ನೊಂದನ್ನು ಊಹಿಸೋಣ. ಗಣಿಯಲ್ಲಿ ಮಡಿದವನ ಪರಿಹಾರಧನವು "ಪತ್ನಿ, ತಾಯಿ ಮತ್ತು ಮಕ್ಕಳಿಗೆ ಸಮಪಾಲು" ಎಂದಿದ್ದರೆ ಪಾಲುಗಳು ಮೂರೋ, ತಾಯಿಯೂ ಮಕ್ಕಳೂ ಸೇರಿ ಒಂದಾಗಿ ಎರಡೋ? ಇಂತಹ ಸಂದೇಹವು ನ್ಯಾಯಾಲಯವನ್ನೂ ಮುಟ್ಟಬಲ್ಲದು. ಅಮೆರಿಕದ ಮೇನ್ ರಾಜ್ಯದಲ್ಲಿ ಓಕ್‌ಹರ್ಸ್ಟ್ ಡೈರಿಯ ವಾಹನಚಾಲಕರು ಹೆಚ್ಚುವರಿ ವೇಳೆಯ ವೇತನವನ್ನು ಕೇಳಿದಾಗ, ಶಾಸನದ ಪಟ್ಟಿಯಲ್ಲಿ ಈ ವಿರಾಮವಿಲ್ಲದೆ ಅರ್ಥವು ಸಂದಿಗ್ಧವಾಗಿದೆಯೆಂದು ಮೇಲ್ಮನವಿ ನ್ಯಾಯಾಲಯವು 2017ರಲ್ಲಿ ಅವರ ಪರವಾಗಿ ತೀರ್ಪಿತ್ತಿತು. 2018ರಲ್ಲಿ ವ್ಯಾಜ್ಯವು 50 ಲಕ್ಷ ಡಾಲರುಗಳಿಗೆ ರಾಜಿಯಾಯಿತು.

ಕನ್ನಡದ ಓಲೆಗರಿಗಳಲ್ಲಿ ಅಲ್ಪವಿರಾಮವಿರಲಿಲ್ಲ. ಅದು ಇಂಗ್ಲಿಷ್ ಬರವಣಿಗೆಯ ಮಾದರಿಯಿಂದ ಮುದ್ರಣದೊಡನೆ ಬಂದುದು. ನಮ್ಮ ನುಡಿಯ ಸಹಜ ಸಾಧನವೆಂದರೆ ಸಮುಚ್ಚಯ ಪ್ರತ್ಯಯ: ಹಳಗನ್ನಡದಲ್ಲಿ 'ಉಂ', ಹೊಸಗನ್ನಡದಲ್ಲಿ 'ಊ'. "ಚಾಂಪಿಯನ್ ರೀಫ್ ಗಣಿಯೂ ನಂದಿದುರ್ಗ ಗಣಿಯೂ ಮೈಸೂರು ಗಣಿಯೂ" ಎಂಬಲ್ಲಿ ಪ್ರತಿಯೊಂದು ಪದವೂ ತನ್ನ ಎಲ್ಲೆಯನ್ನು ತಾನೇ ತೋರುತ್ತದೆ. ಉರಿಗಾಮಿನಲ್ಲಿ ಕೇಳಿಬರುವ ತಮಿಳಿನ 'ಉಮ್', ತೆಲುಗಿನ ದೀರ್ಘಾಂತ್ಯ ಇವೂ ಇದೇ ಬಗೆಯವು.

ಆದರೆ ಪ್ರತ್ಯಯಕ್ಕೂ ಮಿತಿಯುಂಟು. "ಪತ್ನಿಗೂ ತಾಯಿಗೂ ಮಕ್ಕಳಿಗೂ ಸಮಪಾಲು" ಎಂದರೂ ಮಕ್ಕಳೆಲ್ಲರಿಗೂ ಕೂಡಿ ಒಂದು ಪಾಲೋ, ತಲಾ ಒಂದೋ ತಿಳಿಯದು. ಅದನ್ನು ಯಾವ ಚಿಹ್ನೆಯೂ ಹೇಳಲಾರದು, ಸಂಖ್ಯೆಯನ್ನೇ ಬರೆಯಬೇಕು.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು: ಸರಳವಾದ ಪಟ್ಟಿಯಲ್ಲಿ 'ಮತ್ತು'ವಿಗೆ ಮುನ್ನ ವಿರಾಮವು ಅನಾವಶ್ಯಕ, ಪಟ್ಟಿಯ ಅಂಗವೊಂದರೊಳಗೇ 'ಮತ್ತು' ಇದ್ದರೆ ಅವಶ್ಯಕ, ಹಣ ಅಥವಾ ಹಕ್ಕಿನ ಪತ್ರಗಳಲ್ಲಿ 'ಊ' ಪ್ರತ್ಯಯವೂ ಸಂಖ್ಯೆಯೂ ಎರಡೂ ಇರತಕ್ಕದ್ದು. ಗಣಿಗಳು 2001ರಲ್ಲಿ ಮುಚ್ಚಿದವು. ಆದರೆ ಹಕ್ಕಿನ ಪತ್ರವೊಂದು ಗಣಿಗಿಂತ ದೀರ್ಘಕಾಲ ಬಾಳುತ್ತದೆ. ಬರೆದವನು ಬಳಿಯಲ್ಲಿಲ್ಲದಾಗಲೂ ಅದರ ಅರ್ಥವು ಒಂದೇ ಆಗಿರಬೇಕು.