ಸಮಾಲೋಚನಾ ಸಭೆ: ಸುತ್ತೋಲೆ ಓದುವುದಕ್ಕೋ, ಪಾಠ ಕಲಿಯುವುದಕ್ಕೋ?

ಸಂತೇಬೆನ್ನೂರು: ಕೆಂಗ ಹನುಮಪ್ಪ ನಾಯಕನ ಪುಷ್ಕರಣಿಯಿಂದ ನಾಡಿಗೆ ಪರಿಚಿತವಾಗಿರುವ ಚನ್ನಗಿರಿ ತಾಲ್ಲೂಕಿನ ಈ ಹೋಬಳಿ ಕೇಂದ್ರದ ಸುತ್ತಮುತ್ತ, ಅಡಿಕೆ ತೋಟ ಹಾಗೂ ಮೆಕ್ಕೆಜೋಳದ ಹೊಲಗಳ ನಡುವೆ ಸಣ್ಣ ಸಣ್ಣ ಸರ್ಕಾರಿ ಶಾಲೆಗಳಿವೆ. ಇಂತಹ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಇಬ್ಬರು ಶಿಕ್ಷಕರು ಐದು ತರಗತಿಗಳನ್ನು ನಿಭಾಯಿಸುವುದು ರಾಜ್ಯದ ಯಾವ ಮೂಲೆಯಲ್ಲಿಯೂ ಕಾಣುವ ಸಂಗತಿ. ಪಾಠ ಮಾಡುವಾಗ ತೊಡಕು ಎದುರಾದರೆ ಕೇಳಲು ಪಕ್ಕದಲ್ಲಿ ಇರುವುದು ಒಬ್ಬರೇ ಸಹೋದ್ಯೋಗಿ. ಅವರು ರಜೆ ಹಾಕಿದ ದಿನ ಆ ಒಬ್ಬರೂ ಇಲ್ಲ.

ತೊಡಕು ಎಂದರೆ ಎಂಥದ್ದು? 304ರಿಂದ 187ನ್ನು ಕಳೆಯಲು ಹೇಳಿದರೆ ಮಗು 283 ಎಂದು ಬರೆಯುತ್ತದೆ ಎಂದುಕೊಳ್ಳಿ. ಸರಿಯಾದ ಉತ್ತರ 117. ಮೇಲ್ನೋಟಕ್ಕೆ ಇದು ಅಜಾಗರೂಕತೆ. ಆದರೆ ಪ್ರತಿ ಸ್ಥಾನದಲ್ಲಿಯೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯಬೇಕು ಎಂಬ ತನ್ನದೇ ನಿಯಮವನ್ನು ಮಗು ಚಾಚೂತಪ್ಪದೆ ಪಾಲಿಸಿದೆ. ಇದನ್ನು ಒಬ್ಬ ಶಿಕ್ಷಕರು ಒಂಟಿಯಾಗಿ ಗುರುತಿಸಲು ವರ್ಷಗಳೇ ಬೇಕಾಗಬಹುದು. ಹತ್ತು ಶಾಲೆಗಳ ಶಿಕ್ಷಕರು ಮಕ್ಕಳ ನೋಟ್‌ಪುಸ್ತಕಗಳನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತರೆ ಅರ್ಧ ಗಂಟೆ ಸಾಕು. ಶಿಕ್ಷಣ ತಜ್ಞರು ಸಹಯೋಗದ ವೃತ್ತಿ ಕಲಿಕೆ ಎಂದು ಕರೆಯುವುದು ಇದನ್ನೇ.

ಇದಕ್ಕಾಗಿ ವ್ಯವಸ್ಥೆ ಇಲ್ಲ ಎನ್ನುವಂತಿಲ್ಲ. ಪ್ರೌಢಶಾಲೆಯೊಂದನ್ನು ಕೇಂದ್ರವಾಗಿಟ್ಟುಕೊಂಡು ಸುತ್ತಲಿನ ಶಾಲೆಗಳನ್ನು ಬೆಸೆಯುವ ಶಾಲಾ ಸಂಕೀರ್ಣದ ಕಲ್ಪನೆಯನ್ನು ಕೊಠಾರಿ ಆಯೋಗ 1966ರಲ್ಲೇ ಮುಂದಿಟ್ಟಿತ್ತು. 1990ರ ದಶಕದ ಡಿಪಿಇಪಿ ಯೋಜನೆ ಕೆಲವು ಜಿಲ್ಲೆಗಳಲ್ಲಿ ಬ್ಲಾಕ್ ಹಾಗೂ ಸಮೂಹ ಸಂಪನ್ಮೂಲ ಕೇಂದ್ರಗಳನ್ನು ತೆರೆಯಿತು. 2001ರ ನಂತರ ಸರ್ವ ಶಿಕ್ಷಣ ಅಭಿಯಾನ ಅವುಗಳನ್ನು ಎಲ್ಲೆಡೆಗೂ ವಿಸ್ತರಿಸಿತು. ಹೆಚ್ಚೆಂದರೆ 18 ಶಾಲೆಗಳಿಗೆ ಒಂದು ಸಮೂಹ ಕೇಂದ್ರ ಎಂಬುದು ಅಭಿಯಾನದ ಮಾನದಂಡ. ಸಮೂಹ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ, ಶಾಲೆಗಳಿಗೆ ಭೇಟಿ ನೀಡಬೇಕು. ಸಮಾಲೋಚನಾ ಸಭೆ ನಡೆಸಬೇಕು. ಅಲ್ಲಿ ಶಿಕ್ಷಕರು ಅನುಭವ ಹಂಚಿಕೊಳ್ಳಬೇಕು.

ಕಾಗದದ ಮೇಲೆ ಇದಕ್ಕಿಂತ ಉತ್ತಮ ಏರ್ಪಾಡು ಬೇಕಿಲ್ಲ. ಆದರೆ ಸಭೆಯ ಬಹುಪಾಲು ಸಮಯ ಸುತ್ತೋಲೆ ಓದುವುದರಲ್ಲಿ, ಅಂಕಿಅಂಶ ಸಂಗ್ರಹಿಸುವುದರಲ್ಲಿ ಕಳೆದುಹೋಗುತ್ತದೆ ಎಂಬುದು ಶಿಕ್ಷಕ ವಲಯದ ಬಹಳ ಹಳೆಯ ದೂರು. ಸಿಆರ್‌ಪಿ ಮೂಲತಃ ಶಿಕ್ಷಕರೇ. ಅವರನ್ನು ಇಲಾಖೆಯ ಟಪಾಲು ಹೊರುವವರನ್ನಾಗಿ ಮಾಡಿದರೆ ನಷ್ಟವಾಗುವುದು ತರಗತಿಗೆ.

ಕೋಟೆಯ ಪಾಠ

ಶಿಕ್ಷಕರು ಒಟ್ಟಾಗಿ ಕುಳಿತರೆ ಏನಾಗಬಲ್ಲದು ಎಂಬುದಕ್ಕೆ ದೂರದ ನಿದರ್ಶನ ಬೇಕಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಆರಂಭವಾದ ‘ನಲಿ-ಕಲಿ’ ಅಂಥದ್ದು. ಅಲ್ಲಿನ ಸರ್ಕಾರಿ ಶಾಲಾ ಶಿಕ್ಷಕರು ಆಂಧ್ರಪ್ರದೇಶದ ರಿಷಿ ವ್ಯಾಲಿಯ ಬಹುವರ್ಗ ಶಾಲೆಗಳನ್ನು ಕಣ್ಣಾರೆ ಕಂಡು ಬಂದರು. ಬಳಿಕ ಪಠ್ಯವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು, ಕಲಿಕಾ ಏಣಿ ರೂಪಿಸಿ, ಕಾರ್ಡುಗಳನ್ನು ತಾವೇ ಬರೆದರು. ತರಗತಿಯಲ್ಲಿ ಬಳಸಿ ನೋಡಿ ತಿದ್ದಿದರು. 2009-10ರಲ್ಲಿ ಈ ಪದ್ಧತಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ 1 ಮತ್ತು 2ನೇ ತರಗತಿಗೆ ವಿಸ್ತರಣೆಯಾಯಿತು. ಮುಂದೆ 3ನೇ ತರಗತಿಗೂ ಬಂದಿತು.

ವಿಸ್ತರಣೆಯಲ್ಲಿ ಒಂದು ವ್ಯತ್ಯಾಸವಾಯಿತು. ಕೋಟೆಯ ಶಿಕ್ಷಕರು ಕಾರ್ಡುಗಳನ್ನು ಬರೆದವರು. ಉಳಿದ ತಾಲ್ಲೂಕುಗಳ ಶಿಕ್ಷಕರು ಅವುಗಳನ್ನು ಪೆಟ್ಟಿಗೆಯಲ್ಲಿ ಸ್ವೀಕರಿಸಿದವರು. ಏಣಿಯ ಮೆಟ್ಟಿಲು ಏಕೆ ಹಾಗಿದೆ ಎಂಬುದು ಬರೆದವರಿಗೆ ತಿಳಿದಷ್ಟು ಪಡೆದವರಿಗೆ ತಿಳಿಯುವುದು ಹೇಗೆ? ದಾವಣಗೆರೆ ಜಿಲ್ಲೆಯ ಮಟ್ಟಿಗೆ ಈ ಪ್ರಶ್ನೆಗೆ ವಿಶೇಷ ತೂಕವಿದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ಬಂಜಾರರ ತಾಂಡಾಗಳಿವೆ. ಸಂತ ಸೇವಾಲಾಲರ ಜನ್ಮಸ್ಥಳ ಸೂರಗೊಂಡನಕೊಪ್ಪ ಇರುವುದೂ ಇಲ್ಲಿಯೇ. ತಾಂಡಾದ ಮಗು ಮನೆಯಲ್ಲಿ ಲಂಬಾಣಿ ಆಡಿ ಬಂದು ಒಂದನೇ ತರಗತಿಯಲ್ಲಿ ಕನ್ನಡ ಕೇಳುತ್ತದೆ. ಆ ಮಗುವಿಗೆ ಮೊದಲ ತಿಂಗಳು ಯಾವ ಪದ, ಯಾವ ಕಥೆ, ಯಾವ ಕ್ರಮ ಎಂಬುದನ್ನು ಬೆಂಗಳೂರಿನಲ್ಲಿ ಅಚ್ಚಾದ ಕಾರ್ಡು ಹೇಳಲಾರದು. ಅಕ್ಕಪಕ್ಕದ ತಾಂಡಾ ಶಾಲೆಗಳ ನಾಲ್ವರು ಶಿಕ್ಷಕರು ಸೇರಿದರೆ ಹೇಳಬಲ್ಲರು.

ಜಪಾನಿನಲ್ಲಿ ಇದೇ ಕೆಲಸ ಶಾಲೆಯ ದಿನಚರಿಯ ಭಾಗವಾಗಿದೆ. ಶಿಕ್ಷಕರ ತಂಡ ಒಂದು ಪಾಠವನ್ನು ಒಟ್ಟಾಗಿ ಸಿದ್ಧಪಡಿಸುತ್ತದೆ, ಒಬ್ಬರು ಬೋಧಿಸುತ್ತಾರೆ, ಉಳಿದವರು ಮಕ್ಕಳನ್ನು ಗಮನಿಸುತ್ತಾರೆ. ಚರ್ಚೆ ಪಾಠದ ಬಗ್ಗೆಯೇ ಹೊರತು ಬೋಧಿಸಿದವರ ಬಗ್ಗೆ ಅಲ್ಲ. ತಪಾಸಣೆಗೂ ಇದಕ್ಕೂ ಇರುವ ಅಂತರ ಇಷ್ಟೇ. ಆದರೆ ಅದು ಸಣ್ಣ ಅಂತರವಲ್ಲ.

ಮುಖ್ಯ ಶಿಕ್ಷಕರು ಎಲ್ಲಿ?

ಇಂತಹ ವಾತಾವರಣವನ್ನು ಶಾಲೆಯೊಳಗೆ ನಿರ್ಮಿಸಬೇಕಾದವರು ಮುಖ್ಯ ಶಿಕ್ಷಕರು. ನ್ಯೂಜಿಲೆಂಡ್‌ನ ಸಂಶೋಧಕಿ ವಿವಿಯನ್ ರಾಬಿನ್ಸನ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಉಲ್ಲೇಖನೀಯ. ಶಾಲಾ ಮುಖ್ಯಸ್ಥರ ನಾನಾ ಕೆಲಸಗಳ ಪೈಕಿ ಮಕ್ಕಳ ಕಲಿಕೆಯ ಮೇಲೆ ಅತಿ ಹೆಚ್ಚು ಪರಿಣಾಮ ಬೀರುವುದು, ಶಿಕ್ಷಕರ ಕಲಿಕೆಯನ್ನು ಪ್ರೋತ್ಸಾಹಿಸುವುದು ಮತ್ತು ಅದರಲ್ಲಿ ಸ್ವತಃ ಪಾಲ್ಗೊಳ್ಳುವುದು ಎಂದು ಅದು ಕಂಡುಕೊಂಡಿತು. ಆದೇಶ ಕೊಟ್ಟು ಹೊರಟರೆ ಸಾಲದು, ಜೊತೆಗೆ ಕುಳಿತುಕೊಳ್ಳಬೇಕು.

ಕುಳಿತುಕೊಳ್ಳಲು ಮುಖ್ಯ ಶಿಕ್ಷಕರೇ ಇರಬೇಕಲ್ಲ! 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಯಲ್ಲಿ 150ಕ್ಕಿಂತ ಹೆಚ್ಚು, 6ರಿಂದ 8ರಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಮಾತ್ರ ಪ್ರತ್ಯೇಕ ಮುಖ್ಯ ಶಿಕ್ಷಕರ ಹುದ್ದೆ ಕಡ್ಡಾಯ. ಹಳ್ಳಿಯ ಸಣ್ಣ ಶಾಲೆಗಳು ಈ ಮಿತಿಯನ್ನು ಮುಟ್ಟುವುದಿಲ್ಲ. ಅಲ್ಲಿ ಹಿರಿಯ ಶಿಕ್ಷಕರೊಬ್ಬರು ಪ್ರಭಾರ ಹೊರುತ್ತಾರೆ. ಪಾಠದ ಜೊತೆಗೆ ಅಕ್ಷರ ದಾಸೋಹದ ಲೆಕ್ಕ, ಕ್ಷೀರಭಾಗ್ಯದ ಹಾಲಿನ ಪುಡಿ, ಎಸ್‌ಡಿಎಂಸಿ ಸಭೆಯ ನಡಾವಳಿ, ಆನ್‌ಲೈನ್ ಮಾಹಿತಿ ಭರ್ತಿ ಎಲ್ಲವೂ ಅವರ ತಲೆಗೇ. ಶಾಲಾ ನಾಯಕತ್ವದ ರಾಷ್ಟ್ರೀಯ ಕೇಂದ್ರ 2012ರಲ್ಲಿ ದೆಹಲಿಯಲ್ಲಿ ಸ್ಥಾಪನೆಯಾಗಿದೆ. ಧಾರವಾಡದ ಸಿಸ್ಲೆಪ್ ಸಂಸ್ಥೆ ರಾಜ್ಯದ ಮುಖ್ಯ ಶಿಕ್ಷಕರಿಗೆ ತರಬೇತಿ ನೀಡುತ್ತದೆ. ತರಬೇತಿ ಮುಗಿಸಿ ಮರಳಿದವರನ್ನು ಹಾಲಿನ ಪುಡಿಯ ಲೆಕ್ಕವೇ ಬಾಗಿಲಲ್ಲಿ ಎದುರುಗೊಳ್ಳುತ್ತದೆ. ಈ ಲೆಕ್ಕಗಳನ್ನು ಸಮೂಹ ಮಟ್ಟದಲ್ಲಿ ಒಬ್ಬ ಗುಮಾಸ್ತರಿಗೆ ವಹಿಸಿದರೆ ತಗಲುವ ವೆಚ್ಚ ಎಷ್ಟು ಎಂಬುದನ್ನು ಇಲಾಖೆ ಒಮ್ಮೆ ಲೆಕ್ಕ ಹಾಕುವುದು ಒಳಿತು.

ಪ್ರತಿ ಶಿಕ್ಷಕರು ಹಾಗೂ ಮುಖ್ಯ ಶಿಕ್ಷಕರು ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಅಭಿವೃದ್ಧಿಯಲ್ಲಿ ತೊಡಗಬೇಕು ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತು. ಆನ್‌ಲೈನ್ ಕೋರ್ಸುಗಳಿಂದ ಗಂಟೆ ತುಂಬಿಸುವುದು ಸುಲಭ. ಆದರೆ ತಿಂಗಳಿಗೊಂದು ಸಮಾಲೋಚನಾ ಸಭೆ, ಸುತ್ತೋಲೆ ಬದಿಗಿಟ್ಟು ಮೂರು ಗಂಟೆ ಪಾಠದ ಚರ್ಚೆ ಎಂದುಕೊಂಡರೂ ಹತ್ತು ತಿಂಗಳಿಗೆ 30 ಗಂಟೆಯಾಗುತ್ತದೆ. ಸುತ್ತೋಲೆಯನ್ನು ಮೊಬೈಲ್‌ನಲ್ಲಿ ಕಳುಹಿಸಿದರೂ ನಡೆಯುತ್ತದೆ.